ಬಣ್ಣಕ್ಕ ಗುಂಡಿ ತೋಡುತ್ತಿದ್ದಾಳೆ

ಪ್ರಿಯ ಛತ್ರಿ,

ಫೋನಲ್ಲೇ ಹೇಳಬಹುದಿತ್ತು. ಆದರೆ ಬೆಳಗ್ಗೆಯಿಂದ ನಾನು ಪಿಸುಮಾತಿನ ಮನುಷ್ಯ ಆಗಿದ್ದೇನೆ. ಬೆನ್ನ ಹಿಂದೆ ಜಾಲರಿ ಗೂಡಿದೆ. ಅದರ ಸುತ್ತ ಹಳೇ ಬೆಡ್‌ಶೀಟ್ ಕಟ್ಟಿದ್ದೇನೆ. ಒಳಗೆ ನನ್ನ ಗೋಸುಂಬೆ ಬಣ್ಣಕ್ಕ ಹತ್ತು ಗಂಟೆಯಿಂದ ಗುಂಡಿ ತೋಡುತ್ತಿದ್ದಾಳೆ. ಗೋಸುಂಬೆಗೆ ಹೊರಗೆ ಕಾಣುವ ಕಿವಿಯ ತೂತೇ ಇರುವುದಿಲ್ಲ. ನಾನು ಗಂಟಲು ಹರಿಯುವಂತೆ ಹಾಡಿದರೂ ಅವಳಿಗೆ ಅಷ್ಟಾಗಿ ಕೇಳಿಸುವುದಿಲ್ಲ. ಅದು ಗೊತ್ತಿದ್ದೂ, ಚಮಚ ಲೋಟಕ್ಕೆ ತಾಗಿದರೆ ನನಗೆ ನಾನೇ ‘ಶ್’ ಅಂದುಕೊಳ್ಳುತ್ತಿದ್ದೇನೆ.

ಹೌದು ಕಣೋ, ಬಣ್ಣಕ್ಕ ಬಸುರಿ. “ಗಂಡು ಯಾವಾಗ ಬಂದಿತ್ತು?” ಅಂತ ನೀನು ಕೇಳುವ ಮುಂಚೆಯೇ ಹೇಳಿಬಿಡುತ್ತೇನೆ. ಗಂಡು ಬೇಕಾಗಿಯೇ ಇಲ್ಲ. ಇವಳು ಯೆಮನ್, ಸೌದಿ ಅರೇಬಿಯಾ ಮೂಲದ ವೇಲ್ಡ್ (ಅಂದರೆ ಮುಸುಕಿನ) ಗೋಸುಂಬೆ ಜಾತಿಯವಳು. ಈ ಜಾತಿಯ ಹೆಣ್ಣು ಗಂಡಿನ ಮುಖ ನೋಡದೆಯೂ ಮೊಟ್ಟೆ ಕಟ್ಟುತ್ತದೆ. ಕೋಳಿ ಇಡುವುದಿಲ್ವಾ, ಹಾಗೆ. ಮರಿ ಬರುವುದಿಲ್ಲ, ಅಷ್ಟೇ. ಆದರೆ ಅದು ಅವಳ ಮೈಗೆ ಗೊತ್ತಿಲ್ಲ. ಮರಿ ಬರುವ ಮೊಟ್ಟೆಗೆ ಎಷ್ಟು ಒದ್ದಾಟವೋ ಇದಕ್ಕೂ ಅಷ್ಟೇ ಒದ್ದಾಟ. ಅಪಾಯವೂ ಅಷ್ಟೇ.

ಮೊದಲು ಗೊತ್ತಾಗಿದ್ದು ಹೊಟ್ಟೆಯಿಂದ. ಎರಡೂ ಪಕ್ಕ ಉಬ್ಬುಬ್ಬಾಗಿ ಕಾಣಿಸಿತು, ತೆಳು ಬಟ್ಟೆಯ ಚೀಲದಲ್ಲಿ ಗೋಲಿ ತುಂಬಿದ ಹಾಗೆ. ಆಮೇಲೆ ಊಟ ಬಿಟ್ಟಳು. ಕೊಂಬೆ ಬಿಟ್ಟು ಕೆಳಗಿಳಿದಳು. ಮರದ ಮೇಲೆ ಬದುಕುವ ಪ್ರಾಣಿ ನೆಲದ ಮೇಲೆ ನಡೆಯುವುದನ್ನು ನೀನು ನೋಡಬೇಕು. ಕೊಂಬೆ ಹಿಡಿಯಲೆಂದೇ ಇರುವ ಇಕ್ಕಳದಂಥ ಪಾದ, ಹಿಡಿಯೋಕೆ ಏನೂ ಇಲ್ಲ. ಮೂಲೆಯಿಂದ ಮೂಲೆಗೆ ಹೋಗಿ ಕೆರೆದು ನೋಡುತ್ತಿದ್ದಳು. ಅಲ್ಲಿ ಮಣ್ಣಿದ್ದರೆ ತಾನೇ?

ಓಡಿಹೋಗಿ ದೊಡ್ಡ ಡಬ್ಬಿ ತಂದು ಮರಳು ತುಂಬಿಸಿದೆ. ಕಡೇಪಕ್ಷ ಒಂದಡಿ ಆಳ ಬೇಕು. ಉದ್ದ ಅಗಲವೂ ಅಷ್ಟು ಬೇಕು. ಮರಳಿನ ಹದ ಹಿಡಿಯೋಕೆ ನನಗೆ ಒಂದು ಸಂಜೆಯೇ ಹಿಡಿಯಿತು. ಮುಷ್ಟಿಯಲ್ಲಿ ಅದುಮಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಬೆರಳು ತೂರಿಸಿ ತೆಗೆದರೆ ತೂತು ಹಾಗೇ ಇರಬೇಕು. ಒಣಗಿದ್ದರೆ ಸುರಂಗ ಕುಸಿದು ಅವಳ ಮೇಲೇ ಬೀಳುತ್ತದೆ. ಮೊಣಕೈವರೆಗೂ ಮರಳು ಮೆತ್ತಿಕೊಂಡು, ಒಂದಾದ ಮೇಲೊಂದು ತೂತು ಮಾಡಿ ನೋಡುತ್ತಾ ಕೂತಿದ್ದೆ. ನೀನು ಇದ್ದಿದ್ದರೆ ಆ ಕೆರೆದಂಡೆ ಕೋಟೆಯ ಕಥೆ ತೆಗೆಯುತ್ತಿದ್ದೆ. ತೆಗೀಬೇಡ.

ಮರಳಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಗುಂಡಿ ತೋಡುವಾಗ ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾದರೆ ಅವಳು ಅಲ್ಲಿಗೇ ನಿಲ್ಲಿಸಿಬಿಡುತ್ತಾಳೆ. ನೋಡುವವನು ಅವಳ ಲೆಕ್ಕದಲ್ಲಿ ತಿನ್ನುವವನು. ಅದಕ್ಕೇ ಬೆಡ್‌ಶೀಟ್. ಬುಧವಾರ ಕಟ್ಟಿದೆ. ಬುಧವಾರವೇ ಕತ್ತರಿಯಿಂದ ಅದಕ್ಕೊಂದು ತೂತು ಮಾಡಿದೆ. ಸಣ್ಣದು. ಉಗುರಿನಷ್ಟು.

ಗುರುವಾರ ಅವಳು ಅರ್ಧ ಮೈ ಮರಳೊಳಗೆ ಇಳಿಸಿದ್ದಳು. ಬಾಲ, ಹಿಂಗಾಲು ಮಾತ್ರ ಹೊರಗೆ. ಮುಂಗಾಲಿನಿಂದ ಎಳೆದ ಮರಳನ್ನು ಹಿಂಗಾಲಿನಿಂದ ಹಿಂದಕ್ಕೆ ತಳ್ಳುತ್ತಿದ್ದಳು. ಎಷ್ಟು ಚೆನ್ನಾಗಿತ್ತು ಗೊತ್ತಾ? ಫೋನನ್ನು ಆ ತೂತಿಗೆ ಹಿಡಿದೆ. ಫ್ಲಾಶ್ ಆನ್ ಆಗಿತ್ತು.

ಅವಳು ಹೊರಗೆ ಬಂದಳು. ತಲೆಯ ಜುಟ್ಟಿನ ಮೇಲೆ ಒಂದು ಚಿಟಿಕೆ ಒದ್ದೆ ಮರಳು. ಒಂದು ಕಣ್ಣು ಗುಂಡಿಯ ಕಡೆ, ಇನ್ನೊಂದು ಕಣ್ಣು ಸೀದಾ ತೂತಿನ ಕಡೆ. ನೋಡುತ್ತಿದ್ದ ಹಾಗೇ ಮೈ ಕಪ್ಪಿಟ್ಟಿತು. ಮೆಲ್ಲಗೆ ಕೊಂಬೆ ಹತ್ತಿ ಎಲೆಯ ಹಿಂದೆ ಹೋಗಿ ಕೂತಳು. ಆಮೇಲೆ ಎರಡು ದಿನ ಕೆಳಗಿಳಿಯಲಿಲ್ಲ.

ಆ ಫೋಟೋನ ನಾನು ಹಾಕಿದೆ. ನೀವೆಲ್ಲ ನೋಡಿದ್ದೀರಿ. ‘ನಮ್ಮ ಬಣ್ಣಕ್ಕ ಮನೆ ಕಟ್ಟಿಸ್ತಿದ್ದಾಳೆ’ ಅಂತ ಒಕ್ಕಣೆ ಬೇರೆ. ಬಹಳ ಜನ ಮೆಚ್ಚಿದರು. ನೀನೂ ಒಂದು ಹೃದಯ ಒತ್ತಿದ್ದೆ.

ಶುಕ್ರವಾರ ಹೆದರಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಮೊಟ್ಟೆ ಇಡದೇ ಒಳಗೇ ಉಳಿದರೆ ಜೀವಕ್ಕೇ ಸಂಚಕಾರ. ಹಗಲಲ್ಲಿ ಕಣ್ಣು ಮುಚ್ಚಿದರೆ, ಹಿಡಿತ ಸಡಿಲವಾದರೆ, ಕೆಳಗೆ ಬಿದ್ದುಕೊಂಡೇ ಇದ್ದರೆ ಕಾಯುವ ಹಾಗಿಲ್ಲ. ಕ್ಯಾಲ್ಸಿಯಂ ಕೊಡಬೇಕು. ಕೆಲವೊಮ್ಮೆ ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ಆಪರೇಷನ್. ಕ್ಯಾಲ್ಸಿಯಂ ಕಡಿಮೆಯಾದರೆ ಮೊಟ್ಟೆ ತಳ್ಳುವ ಸ್ನಾಯುಗಳಿಗೇ ಶಕ್ತಿ ಇರುವುದಿಲ್ಲವಂತೆ. ಪುಣ್ಯಕ್ಕೆ ಇವಳ ಹಿಡಿತ ಗಟ್ಟಿಯಾಗಿತ್ತು. ಡಾಕ್ಟರ ತೋಳು ಬಿಡಿಸಿಕೊಳ್ಳೋಕೇ ಕಷ್ಟವಾಯ್ತು.

ಎಕ್ಸ್‌ರೇ ಬಂತು. ಎಣಿಸಿದರೆ 50ರ ಮೇಲೆ. ಬರೀ ಗುಂಡು ಗುಂಡು, ಬೇರೆ ಅಂಗಗಳಿಗೆ ಜಾಗವೇ ಇಲ್ಲವೇನೋ ಅನ್ನೋ ಹಾಗೆ.

“ದಿನಕ್ಕೆ ಎಷ್ಟು ಹುಳ ಹಾಕ್ತೀರಾ?” ಅಂತ ಡಾಕ್ಟರ್ ಕೇಳಿದರು.

“ಐದು” ಅಂದೆ.

ಅವರು ಎಕ್ಸ್‌ರೇ ನೋಡಿದರು. ನನ್ನನ್ನು ನೋಡಿದರು. “ಐದಕ್ಕೆ ಇಷ್ಟು ಕಟ್ಟಲ್ಲ” ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹದಿನೈದು ಕಣೋ. ಕೆಲವು ದಿನ ಇನ್ನೂ ಜಾಸ್ತಿ. ಬೆಳೆದ ಹೆಣ್ಣಿಗೆ ದಿನ ಬಿಟ್ಟು ದಿನ ಮೂರ್ನಾಲ್ಕು ಹುಳ ಸಾಕು. ದೀಪದ ಕೆಳಗಿನ ಶಾಖವೂ 27 ಡಿಗ್ರಿ ಆಸುಪಾಸು ಇದ್ದರೆ ಸಾಕು. ಊಟ, ಶಾಖ ಎರಡೂ ಜಾಸ್ತಿಯಾದರೆ ‘ಒಳ್ಳೇ ಕಾಲ ಬಂದಿದೆ’ ಅಂತ ಮೈ ತಿಳಿದುಕೊಂಡು ಸಿಕ್ಕಾಪಟ್ಟೆ ಮೊಟ್ಟೆ ಕಟ್ಟುತ್ತದೆ. ಗಂಡು ಆರೆಂಟು ವರ್ಷ ಬದುಕಿದರೆ ಹೆಣ್ಣು ನಾಲ್ಕೈದಕ್ಕೇ ಮುಗಿಯುವುದು ಸಾಮಾನ್ಯ. ಮೊಟ್ಟೆ ಇಟ್ಟೂ ಇಟ್ಟೂ ಸವೆಯುತ್ತದೆ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಓದಿದ್ದೆ. ಓದಿ ಹಾಕಿದೆ.

ಯಾಕೆ ಅಂತೀಯಾ? ಗೋಸುಂಬೆ ಮುದ್ದು ಮಾಡಿಸಿಕೊಳ್ಳುವ ಪ್ರಾಣಿಯಲ್ಲ. ಎತ್ತಿಕೊಂಡರೆ ಸಹಿಸಿಕೊಳ್ಳುತ್ತದೆ, ಅಷ್ಟೇ. ಅವಳ ಕಣ್ಣುಗಳು ಯಾವಾಗಲೂ ಒಂದೊಂದು ದಿಕ್ಕಿಗೆ ತಿರುಗುತ್ತಿರುತ್ತವೆ. ಆದರೆ ಮಿಡತೆ ಹಿಡಿದು ಕೈ ಚಾಚಿದರೆ, ನಾಲಗೆ ಹಾರಿಸುವ ಮುಂಚೆ, ಎರಡೂ ಕಣ್ಣು ಒಟ್ಟಿಗೆ ಮುಂದಕ್ಕೆ ತಿರುಗಿ ನಿಲ್ಲುತ್ತವೆ. ನನ್ನ ಕಡೆ. ಸರಿ, ಮಿಡತೆಯ ಕಡೆ. ಅವಳಿಗೆ ಹಸಿವಾಗಿದೆ ಅಂತ ನಾನು ಹದಿನೈದು ಸಲ ಹಾಕಲಿಲ್ಲ.

ಹೋದ ವರ್ಷದಿಂದ ಈ ಮನೆ ಹೇಗಿದೆ ಅಂತ ನಿನಗೆ ಗೊತ್ತು. ಸಂಜೆ ಬಾಗಿಲು ತೆಗೆದರೆ ಬೆಳಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತದೆ. ಒಂದಿಂಚೂ ಆಚೀಚೆ ಇಲ್ಲ. ನಿನಗೂ ದಿನಕ್ಕೆ ಹದಿನೈದು ಮೆಸೇಜು ಹಾಕುತ್ತಿದ್ದೆ ಅಲ್ವಾ? ಜೋಕು, ವಿಡಿಯೋ, ‘ಊಟ ಆಯ್ತಾ’. ಮೂರು ವಾರದಿಂದ ನೀನು ಒಂದಕ್ಕೂ ಉತ್ತರ ಕೊಟ್ಟಿಲ್ಲ. ಫೋನಲ್ಲಿ ಹೇಳಬಹುದಿತ್ತು ಅಂತ ಮೇಲೆ ಬರೆದೆ. ಹೇಳಬಹುದಿತ್ತು, ನೀನು ಎತ್ತಿದ್ದರೆ. ನಿನ್ನಿಂದ ಬಂದಿದ್ದು ಆ ಫೋಟೋದ ಹೃದಯ ಒಂದೇ. ಅವಳನ್ನು ಹೆದರಿಸಿ ತೆಗೆದ ಫೋಟೋ ಅದು, ತೆಗೆದುಹಾಕಬೇಕು ಅಂತ ಎರಡು ಸಲ ಹೋದೆ. ತೆಗೆದರೆ ಅದೂ ಹೋಗುತ್ತಲ್ಲ ಅಂತ ಬಿಟ್ಟೆ.

ಸರಿ ಸರಿ. ಛತ್ರಿ ಮಡಚಿದೆ. ಇದನ್ನು ಊರೆಲ್ಲ ಓದುತ್ತದೆ ಅನ್ನುವುದೇ ಮರೆತಿದ್ದೆ. (ಮರೆತಿರಲಿಲ್ಲ.)

ಬೇರೆ ಮಾತಾಡೋಣ. ಗೋಸುಂಬೆ ಬಣ್ಣ ಬದಲಾಯಿಸುವುದು ಬಚ್ಚಿಟ್ಟುಕೊಳ್ಳೋಕೆ ಅಂತ ನಾವೆಲ್ಲ ನಂಬಿದ್ದೇವೆ. ಬಹಳ ಸಲ ಅದು ಉಲ್ಟಾ. ಸಿಟ್ಟು, ಭಯ, ‘ಹತ್ತಿರ ಬರಬೇಡ’ ಎಲ್ಲ ಮೈಮೇಲೇ ಬರೆದುಕೊಳ್ಳುತ್ತದೆ. ಚರ್ಮದ ಜೀವಕೋಶಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿವೆ, ಅವುಗಳ ನಡುವಿನ ಅಂತರ ಹೆಚ್ಚುಕಮ್ಮಿ ಆದ ಹಾಗೆ ಬಣ್ಣ ಬದಲಾಗುತ್ತದೆ ಅಂತ 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ತೋರಿಸಿದರು. ಅವರು ನೋಡಿದ್ದು ಪ್ಯಾಂಥರ್ ಗೋಸುಂಬೆಯನ್ನು. ಮನಸ್ಸಲ್ಲಿ ಇರುವುದನ್ನು ಮುಚ್ಚಿಡೋಕೆ ಬಾರದ ಪ್ರಾಣಿಯ ಹೆಸರನ್ನು ನಾವು ಬೈಗುಳ ಮಾಡಿದ್ದೇವೆ ನೋಡು. ಶುಕ್ರವಾರ ಡಾಕ್ಟರ್ ಮುಂದೆ ಬಣ್ಣ ಬದಲಾಯಿಸಿದ್ದು ಅವಳಲ್ಲ.

ಇನ್ನು ಮುಂದಿನದು. ಗುಂಡಿ ಆದ ಮೇಲೆ ತಿರುಗಿ ಹಿಮ್ಮುಖವಾಗಿ ಕೂತು ಇಡುತ್ತಾಳೆ. ಆಮೇಲೆ ಮರಳು ಎಳೆದು ಮುಚ್ಚಿ, ಕಾಲಿನಿಂದ ತಟ್ಟಿ ಸಮ ಮಾಡಿ, ಏನೂ ಆಗಿಲ್ಲ ಅನ್ನುವ ಹಾಗೆ ಕೊಂಬೆ ಹತ್ತುತ್ತಾಳೆ. ಮೊಟ್ಟೆಯ ಕಡೆ ಮತ್ತೆ ತಿರುಗಿಯೂ ನೋಡುವುದಿಲ್ಲ. ಕತ್ತಲಾದರೆ ಗುಂಡಿಯಲ್ಲೇ ಮಲಗಿ ನಾಳೆ ಮುಂದುವರಿಸಿದರೂ ಆಶ್ಚರ್ಯವಿಲ್ಲ. ಮೇಲೆ ಬಂದಾಗ ಹೊಟ್ಟೆ ಒಳಕ್ಕೆ ಹೋಗಿ ವಿಪರೀತ ಬಾಯಾರಿರುತ್ತದೆ. ಬಟ್ಟಲಲ್ಲಿ ನಿಂತ ನೀರು ಇವಕ್ಕೆ ನೀರು ಅಂತಲೇ ಅನ್ನಿಸುವುದಿಲ್ಲ, ಎಲೆಯ ಮೇಲಿನ ಹನಿ ನೆಕ್ಕಿ ಕುಡಿಯುತ್ತವೆ. ಹನಿ ಬೀಳುವ ಬಾಟಲಿ ತುಂಬಿಸಿ ಇಟ್ಟಿದ್ದೇನೆ. ಹುಳಕ್ಕೆ ಹಚ್ಚುವ ಕ್ಯಾಲ್ಸಿಯಂ ಪುಡಿಯೂ ಇದೆ. ಕೆಲವು ದಿನ ಚೆನ್ನಾಗಿ ತಿನ್ನಲಿ. ಆಮೇಲೆ ದಿನ ಬಿಟ್ಟು ದಿನ. ಕ್ಯಾಲೆಂಡರಲ್ಲಿ ಗುರುತು ಹಾಕಿದ್ದೇನೆ. ನಿನ್ನ ಮೆಸೇಜಿಗೂ ಅದೇ ಪಟ್ಟಿ ಮಾಡಲಾ?

ಒಂದು ನಿಮಿಷ.

ಕೆರೆಯುವ ಸದ್ದು ನಿಂತಿದೆ. ತಿರುಗಿ ಕೂತಳೋ, ಅಥವಾ ಮತ್ತೆ ಏನಾದರೂ ಕಂಡಿತೋ, ಗೊತ್ತಿಲ್ಲ. ನಾನಂತೂ ಗೋಡೆಯ ಕಡೆ ಮುಖ ಮಾಡಿ, ಶಿಕ್ಷೆ ಸಿಕ್ಕ ಹುಡುಗನ ಹಾಗೆ ಕೂತಿದ್ದೇನೆ. ಬೆಡ್‌ಶೀಟಿನ ತೂತಿಗೆ ಟೇಪ್ ಅಂಟಿಸಿದ್ದೇನೆ. ಒಳ್ಳೇ ಟೇಪ್ ಇರಲಿಲ್ಲ, ಒಂದು ತುದಿ ಆಗಲೇ ಬಿಟ್ಟುಕೊಂಡಿದೆ.

ಇಂತಿ ನಿನ್ನ,
ಹುಳ ಹಾಕುವವನು