ಹಲಗೆ ಉಬ್ಬೀತೆಂದು ಬರೆದವನಿಗೆ

ಚಿ. ಸುಮಂತನಿಗೆ, ಸಾಗರದಿಂದ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದದ ಮಿಕ್ಕ ಸಂಗತಿಗಳಿಗೆ ದೊಡ್ಡಮ್ಮ ಫೋನಿನಲ್ಲೇ ಉತ್ತರ ಕೊಟ್ಟಾಗಿದೆ. ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. ಮನೆಯೊಳಗೆ ಹಲಗೆಯ ಮೇಲೆ ಕರೆಂಟಿನಲ್ಲಿ ಓಡುವ ಪುಟ್ಟ ಮಾದರಿ ರೈಲು ಕಟ್ಟಹೊರಟ ನೀನು, ತೀರ್ಥಹಳ್ಳಿಯ ಮಳೆಗೆ ಹಲಗೆ ಉಬ್ಬಿ, ಹಳಿ ಸೊಟ್ಟಗಾಗಿ, ಹಾಕಿದ ದುಡ್ಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆದರೆ ಎಂದಿದ್ದೀಯ.

ಉಬ್ಬುತ್ತದೆ, ಇಲ್ಲವೆನ್ನಲಾರೆ. ಆದರೆ ಮಾರಾಯ, ಹಳಿ ಕೆಡುವುದು ಜುಲೈ ತಿಂಗಳಲ್ಲಲ್ಲ, ಫೆಬ್ರವರಿ-ಮಾರ್ಚ್‌ನಲ್ಲಿ. ಮಳೆಗಾಲದಲ್ಲಿ ಹಲಗೆ ತೇವ ಕುಡಿದು ಹಿಗ್ಗಿದರೆ ಒಂದು ಹಳಿ ತುಂಡಿನ ತುದಿಗೂ ಮುಂದಿನದಕ್ಕೂ ನಡುವಿನ ಸಂದು ಕೊಂಚ ಅಗಲವಾದೀತು, ಅಷ್ಟೆ. ಒಣಹವೆಗೆ ಅದೇ ಹಲಗೆ ಕುಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಜಾಗ ಸಾಲದ ಹಳಿ ಪಕ್ಕಕ್ಕೆ ಡೊಂಕಾಗುತ್ತದೆ. ಗಾಡಿ ಹಳಿ ತಪ್ಪುವುದು ಆಗ. ಲೋಹದ್ದು ಸಣ್ಣ ಆಟ: 8 ಅಡಿ ನಿಕಲ್ ಸಿಲ್ವರ್ ಹಳಿ, 15 ಡಿಗ್ರಿ ಸೆಕೆ ಏರಿದರೆ ಸುಮಾರು 0.6 ಮಿ.ಮೀ. ಬೆಳೆದೀತು. ಕಾಡುವುದೆಲ್ಲ ಮರವೇ. ಹಾಗಾಗಿ ಮಳೆಗಾಲದಲ್ಲಿ ಹಾಸಿದರೆ 3 ಅಡಿಗೊಮ್ಮೆ ಬರುವ ಸಂದಿನಲ್ಲಿ ಎರಡು ವಿಸಿಟಿಂಗ್ ಕಾರ್ಡು ತೂರುವಷ್ಟು ಎಡೆ ಬಿಡು, ಬೇಸಿಗೆಯಲ್ಲಾದರೆ ಒಂದೇ ಸಾಕು. ಎಡೆ ನೇರ ಹಳಿಯಲ್ಲಿರಲಿ. ತಿರುವಿನ ಸಂದುಗಳನ್ನು ಬೆಸುಗೆ ಹಾಕಿಬಿಡು, ಇಲ್ಲದಿದ್ದರೆ ಅಲ್ಲಿ ಮೂಲೆ ಮುರಿದಂತಾಗಿ ಚಕ್ರ ಏರಿಬಿಡುತ್ತದೆ.

ನೀನು ಕೇಳಿದ್ದು ಯಾವ ಹಲಗೆ ಅಂತ. 12 ಮಿ.ಮೀ. ಪ್ಲೈವುಡ್. ಐಎಸ್ 710 ಮುದ್ರೆಯ, ನೀರು ತಡೆಯುವ ಮರೈನ್ ಪ್ಲೈ ಸಿಕ್ಕರೆ ಅದೇ ಇರಲಿ. ದುಬಾರಿಯೆನಿಸಿದರೆ ಐಎಸ್ 303 ಮುದ್ರೆಯ ಸಾಮಾನ್ಯ ಪ್ಲೈ ಕೂಡ ನಡೆದೀತು, ಮನೆಯೊಳಗಲ್ಲವೇ. ಮರದ ಪುಡಿ, ನಾರು ಒತ್ತಿ ಮಾಡಿದ ಎಂಡಿಎಫ್ ಮತ್ತು ಪಾರ್ಟಿಕಲ್ ಬೋರ್ಡ್ ಅಗ್ಗ ಎಂದು ತೋರಿಸುತ್ತಾರೆ, ಬೇಡ. ಅವುಗಳ ಅಂಚು ಒಮ್ಮೆ ಉಬ್ಬಿತೆಂದರೆ ಒಣಗಿದರೂ ಮೊದಲಿನಂತಾಗುವುದಿಲ್ಲ. ತಂದ ಶೀಟನ್ನು ಎರಡು ವಾರ ಆ ಕೋಣೆಯಲ್ಲೇ ಮಲಗಿಸಿಡು, ಗೋಡೆಗೆ ಒರಗಿಸಬೇಡ. ಆಮೇಲೆ ಎರಡೂ ಮೈಗೆ, ನಾಲ್ಕೂ ಅಂಚಿಗೆ ಬಣ್ಣ ಬಳಿ. ಮೇಲ್ಮೈಗೆ ಮಾತ್ರ ಬಳಿದು ಕೈತೊಳೆದುಕೊಳ್ಳುವವರೇ ಹೆಚ್ಚು. ಆಗ ಕೆಳಗಿನ ಮೈ ಒಂದೇ ತೇವ ಕುಡಿದು ಹಲಗೆ ಬಾಗುತ್ತದೆ. ಎಲ್ಲ ಕಡೆ ಬಳಿದರೆ ನಿನ್ನ ಭಯದಲ್ಲಿ ಅರ್ಧ ಅಲ್ಲಿಗೇ ಮುಗಿಯಿತು ಅನ್ನಿಸುತ್ತದೆ ನನಗೆ.

ಹಲಗೆಯ ಕೆಳಗಿನ ಚೌಕಟ್ಟಿಗೆ ಹೊಸ ಮರ ಕೊಳ್ಳಬೇಡ. ಹಸಿ ಮರ ಒಣಗುತ್ತಾ ತಿರುಚಿಕೊಳ್ಳುತ್ತದೆ. ಹಳೇ ಹಂಚಿನ ಮಾಡು ಬಿಚ್ಚಿದ ಮನೆಗಳಲ್ಲಿ ರೀಪು ಸಿಗುತ್ತದೆ, ವರ್ಷಗಟ್ಟಲೆ ಒಣಗಿದ್ದು. 16 ಅಂಗುಲಕ್ಕೊಂದು ಅಡ್ಡಪಟ್ಟಿ ಕೊಡು. ಗಟ್ಟಿ ಮರ, ಮೊದಲು ತೂತು ಕೊರೆಯದೆ ಸ್ಕ್ರೂ ತಿರುಗಿಸಿದರೆ ಸೀಳುತ್ತದೆ. ಗೆದ್ದಲಿಗೆ ಹೆದರಿ ಕಾಲುಗಳನ್ನು ಗೋಡೆಯಿಂದ ದೂರ ಇಡು. ಹೇಗೂ 4 ಅಡಿ ಅಗಲದ ಹಲಗೆಗೆ ಎರಡೂ ಕಡೆಯಿಂದ ಕೈ ಎಟುಕಬೇಕು. ಎರಡೂವರೆ ಅಡಿಯಾಚೆ ಬಿದ್ದ ಬೋಗಿಯನ್ನು ಎತ್ತುವುದು ಪ್ರಾಯದವರಿಗೂ ಕಷ್ಟ.

ಗುಡ್ಡ ಮಾಡಲು ಥರ್ಮಕೋಲ್ ಅಂದಿದ್ದೀಯ. ತೇವಕ್ಕೆ ಹೆದರಬೇಕಿಲ್ಲ, ಆದರೆ ಕೊಯ್ದಾಗ ಉದುರುವ ಕಾಳು ಎಂಜಿನ್ನಿನ ಗಿಯರ್ ಸೇರುತ್ತದೆ. ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಶೀಟು ಸಿಕ್ಕರೆ 2 ಅಂಗುಲದ್ದು ತಾ. ರಬ್ಬರ್ ಅಂಟು, ಸ್ಪ್ರೇ ಬಣ್ಣ ಎರಡೂ ಫೋಮನ್ನು ಕರಗಿಸುತ್ತವೆ. ಬಿಳಿ ಫೆವಿಕಾಲೇ ಸರಿ, ಆದರೆ ಮಳೆಗಾಲದಲ್ಲಿ ಎರಡು ಶೀಟಿನ ನಡುವೆ ಅದು ದಿನಗಟ್ಟಲೆ ಒಣಗದೆ ಕೂರುತ್ತದೆ. ಆ ಕೆಲಸ ಒಂದನ್ನು ಜನವರಿಗೆ ಇಟ್ಟುಕೋ. ತೋಟದ ಹಸಿ ಪಾಚಿ ಚೆಂದ ಕಾಣುತ್ತದೆಂದು ಅಂಟಿಸಿದರೆ ಬೂಸ್ಟು ಬರುತ್ತದೆ. ಬಣ್ಣ ಹಾಕಿ ಒಣಗಿಸಿದ ಮರದ ಹೊಟ್ಟು ಮೇಲು.

ಎಷ್ಟು ಹೇಳಿದರೂ ಮನಸ್ಸು ತಾಳಗುಪ್ಪದ ಮೀಟರ್ ಗೇಜ್ ಕಡೆಗೇ ಎಳೆಯುತ್ತದೆ. ಆ ರೈಲ್ ಬಸ್ಸು, ಆ ಸಣ್ಣ ನಿಲ್ದಾಣಗಳು. ಬ್ರಾಡ್ ಗೇಜ್‌ಗೆ ಹಳಿ ಬದಲಾಗುವ ಮೊದಲು ಪ್ಲಾಟ್‌ಫಾರ್ಮಿನ ಉದ್ದ, ಮಾಡಿನ ಎತ್ತರ ಯಾರಾದರೂ ಬರೆದಿಟ್ಟುಕೊಳ್ಳಬೇಕಿತ್ತು, ನಾನೇ ಯಾಕಾಗಬಾರದಿತ್ತು ಎಂಬ ಕೊರಗು ಹೋಗಿಲ್ಲ. ನಿನಗೂ ಅದನ್ನೇ ಮಾಡುವಾಸೆಯಿದೆ, ಗೊತ್ತು. ಆದರೆ ಎಲ್ಲವನ್ನೂ 87ನೇ ಒಂದು ಪಾಲಿಗೆ ಇಳಿಸುವ ಎಚ್‌ಒ ಅಳತೆಯಲ್ಲಿ 1,000 ಮಿ.ಮೀ. ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಗಲ, 11.5 ಮಿ.ಮೀ.ಗೆ ಬರುತ್ತದೆ. ಅದಕ್ಕೆ ಬೇಕಾದ 12 ಮಿ.ಮೀ. ಹಳಿ ಅಪರೂಪ, ದುಬಾರಿ. ಮೊದಲ ಸಲಕ್ಕೆ 16.5 ಮಿ.ಮೀ.ಯ ಸಾಮಾನ್ಯ ಹಳಿ ತೆಗೆದುಕೋ, 18 ಅಂಗುಲ ತ್ರಿಜ್ಯದ ತಿರುವು 4 ಅಡಿಯಲ್ಲಿ ಧಾರಾಳವಾಗಿ ಕೂರುತ್ತದೆ.

ಉಕ್ಕಿನ ಹಳಿ ಮಾತ್ರ ಬೇಡವೇ ಬೇಡ. ನಿಮ್ಮೂರಿನ ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು. ಹಿತ್ತಾಳೆಯದ್ದು ಕಪ್ಪಾಗಿ, ಹಳಿಯಿಂದ ಎಂಜಿನ್ನಿಗೆ ಹೋಗುವ ಕರೆಂಟು ತಡೆಯುತ್ತದೆ. ನಿಕಲ್ ಸಿಲ್ವರ್‌ನಲ್ಲಿ ಬೆಳ್ಳಿ ಏನೂ ಇಲ್ಲ, ತಾಮ್ರ-ನಿಕಲ್-ಸತು, ಆದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹಳಿ ತುಂಡುಗಳನ್ನು ಕೂಡಿಸುವ ತಗಡನ್ನೇ ಕರೆಂಟಿಗೆ ನಂಬದೆ 3 ಅಡಿಗೊಮ್ಮೆ ಹಳಿಗೇ ತಂತಿ ಬೆಸೆದು, ಕೆಳಗೆ 1.5 ಚ.ಮಿ.ಮೀ. ಮನೆ ವೈರಿಂಗ್ ತಂತಿಗೆ ಸೇರಿಸು. ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್‌ನಲ್ಲಿ ಆಮ್ಲದ್ದು ಮುಟ್ಟಬೇಡ, ರಾಳದ್ದೇ ಇರಲಿ. ಹಳಿಯನ್ನು ಮೊಳೆಯ ಬದಲು ಅಕ್ರಿಲಿಕ್ ಸೀಲಂಟಿನ ತೆಳು ಪದರದ ಮೇಲೆ ಕೂರಿಸು. ಕೊಂಚ ಎಳೆದಾಡಲು ಬಿಡುತ್ತದೆ, ಬೇಕಾದಾಗ ಪುಟ್ಟಿ ಪಟ್ಟಿಯಿಂದ ಏಳುತ್ತದೆ. ಹುಳಿ ವಾಸನೆಯ ಸಿಲಿಕೋನ್ ಲೋಹ ತಿನ್ನುತ್ತದೆ.

ಇನ್ನೂ ಹೆದರಿಕೆ ಹೋಗದಿದ್ದರೆ ಅಂಗಡಿಯಲ್ಲಿ ಒಂದಡಿ ಪ್ಲೈ ತುಂಡು ಎರಡು ಕೇಳಿ ತಾ. ಒಂದಕ್ಕೆ ಪೂರ್ತಿ ಬಣ್ಣ ಬಳಿ, ಒಂದು ಹಾಗೇ ಇರಲಿ, ಮಳೆ ಮುಗಿಯುವವರೆಗೆ ಅದೇ ಕೋಣೆಯಲ್ಲಿಟ್ಟು ಅಂಚಿಗೆ ಸ್ಕೇಲ್ ಹಿಡಿದು ನೋಡು. ಬಾಡಿಗೆ ಮನೆಯಾದ್ದರಿಂದ 8×4ರ ಬದಲು 4×4ರ ಎರಡು ಭಾಗ ಮಾಡಿ ಬೋಲ್ಟ್ ಹಾಕುವುದು ಒಳ್ಳೆಯದೇನೋ. ಬಾಗಿಲಿನ ಅಗಲ ಎಷ್ಟು, ಮಳೆ ಹೊಡೆಯುವ ಪಡುವಣ ಗೋಡೆ ಯಾವುದು ಎಂದು ಬರೆ, ನಕ್ಷೆ ಗೀಚಿ ಕಳಿಸುತ್ತೇನೆ.

ನಿನ್ನ ದೊಡ್ಡಪ್ಪ