ಗೆಳೆಯನಿಗೊಂದು ಪತ್ರ: ಕ್ಯಾಸೆಟ್ಟಿನಲ್ಲಿ ಸಿಕ್ಕ ರಾಜು ತಾಳಿಕೋಟೆ

ವಿಜಯಪುರ

ದೋಸ್ತ ಮಲ್ಲು,

ಅರಾಮ ಇದ್ದೀಯಲ್ಲ? ಈ ಸಲ ಬನಶಂಕರಿ ಜಾತ್ರೆಗೆ ಹೋಗಿದ್ದೆ. ನಾಟಕದ ಥೇಟರುಗಳು ಸಾಲಾಗಿ ನಿಂತಿದ್ದವು. ಅದೇ ತಗಡು, ಅದೇ ಮೈಕು, ಗೇಟಿನ ಮುಂದೆ ಅದೇ ಗದ್ದಲ. ಒಂದು ಕಂಪನಿಯ ಬೋರ್ಡ್ ಓದುತ್ತ ನಿಂತಾಗ ರಾಜು ತಾಳಿಕೋಟೆ ನೆನಪಾದರು. ಬಂದಾಗಿನಿಂದ ಅದೇ ಗುಂಗು.

2025ರ ಅಕ್ಟೋಬರ್ 13ರ ರಾತ್ರಿ ನೀನೇ ಫೋನ್ ಮಾಡಿದ್ದೆ. ಉಡುಪಿ ಕಡೆ ಶೂಟಿಂಗಿಗೆ ಹೋದವರಿಗೆ ಹೃದಯಾಘಾತ, ಮಣಿಪಾಲದಲ್ಲಿ ತೀರಿಕೊಂಡರು ಅಂದೆ. ಇಬ್ಬರಿಗೂ ಜಾಸ್ತಿ ಮಾತು ಬರಲಿಲ್ಲ, ಅಲ್ವಾ? ಮರುದಿನ ಎಲ್ಲ ಕಡೆ ‘ಹಾಸ್ಯನಟ’ ಅಂತ ಬರೆದರು. ಸುಳ್ಳಲ್ಲ. ಆದರೆ ನನಗೆ ಅದು ಸಾಲಲಿಲ್ಲ.

ನಮಗೆ ಅವರು ಮೊದಲು ಸಿಕ್ಕಿದ್ದು ಬರೀ ದನಿಯಾಗಿ. ‘ಕಲಿಯುಗದ ಕುಡುಕ’ ನಾಟಕದ ಕ್ಯಾಸೆಟ್. ಟ್ರ್ಯಾಕ್ಟರಿನಲ್ಲಿ, ಚಹಾದಂಗಡಿಯಲ್ಲಿ, ಎಲ್ಲಿ ಹೋದರೂ ಅದೇ. ನಮ್ಮ ಮನೆಯ ವಿಷಯ ನಿನಗೆ ಗೊತ್ತು, ಅಪ್ಪ ಕುಡಿಯುತ್ತಿದ್ದ. ಯಾರಾದರೂ ಕುಡುಕನ ಸೋಗು ಹಾಕಿ ನಗಿಸಿದರೆ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು. ಆ ಕ್ಯಾಸೆಟ್ ಹಚ್ಚಿದ ದಿನ ಹೋಗಲಿಲ್ಲ. ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿದಳು. ನಕ್ಕಳು. ಹಿಟ್ಟು ಮೆತ್ತಿದ ಕೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡು, “ಖರೇನ ಹೇಳತಾನ ನೋಡು” ಅಂದಳು. ಆಮೇಲೆ ಮತ್ತೆ ಹಚ್ಚು ಅಂದಳು.

ಮುಖ ಕಾಣದೆ, ಬರೀ ದನಿಯಿಂದ ಒಬ್ಬ ಹೆಣ್ಣುಮಗಳ ಒಳಗಿನ ನೋವಿಗೆ ಕೈ ಹಾಕುವುದು ಸುಮ್ನೆ ಅಲ್ಲ. ಶಾಲೆ ಬೇಗ ಬಿಟ್ಟು, ಹೋಟೆಲಿನಲ್ಲಿ ದುಡಿದು, ಲಾರಿ ಕ್ಲೀನರ್ ಆಗಿ ಬಂದ ಮನುಷ್ಯ. ಹಸಿವು ಗೊತ್ತು, ಕುಡಿತ ಮನೆಗೆ ಏನು ಮಾಡುತ್ತದೆ ಅಂತಲೂ ಗೊತ್ತು. ಹುಟ್ಟಿದ ಹೆಸರು ರಾಜೇಸಾಬ. ನಡೆಸಿದ ಕಂಪನಿ ಖಾಸ್ಗತೇಶ್ವರ ನಾಟ್ಯ ಸಂಘ, ತಾಳಿಕೋಟೆಯ ಮಠದ ಅಜ್ಜನ ಹೆಸರಿನದು. ನಮ್ಮ ಕಡೆ ಯಾರೂ ಅದನ್ನು ವಿಶೇಷ ಅಂತ ನೋಡಲಿಲ್ಲ. ನನಗೆ ಅದು ಬಹಳ ಇಷ್ಟ.

ಕಂಪನಿ ನಾಟಕದವರ ಕಷ್ಟ ಬೇರೆ. ಮಾತು ಕೊನೆಯ ಸಾಲಿನವರೆಗೆ ಮುಟ್ಟಬೇಕು. ನಗು ಎದ್ದಾಗ ನಿಲ್ಲಬೇಕು, ಪೂರಾ ಇಳಿಯುವ ಮೊದಲು ಮುಂದಿನ ಮಾತು ಎತ್ತಬೇಕು. ಒಂದು ಗಳಿಗೆ ತಡವಾದರೆ ಜನ ಶೇಂಗಾ ಸುಲಿಯಲು ಶುರು ಮಾಡುತ್ತಾರೆ. ಕ್ಯಾಮೆರಾ ಮುಂದೆ ಇದೆಲ್ಲ ಉಲ್ಟಾ. ನಗುವವರೇ ಎದುರಿಗಿಲ್ಲ, ದನಿ ಏರಿಸುವ ಹಾಗಿಲ್ಲ. ಎಷ್ಟೋ ರಂಗನಟರು ಅಲ್ಲಿ ಸೋಲುತ್ತಾರೆ. 2009ರಲ್ಲಿ ‘ಮನಸಾರೆ’ ನೋಡಲು ಹೋದಾಗ ನನಗೆ ಇದೇ ಭಯವಿತ್ತು. ಹುಚ್ಚಾಸ್ಪತ್ರೆಯ ರೋಗಿಯಾಗಿ ತೆರೆಯ ಮೇಲೆ ಬಂದರು. ನಾಟಕದ ಅಬ್ಬರ ಇಲ್ಲ. ಆದರೆ ಭಾಷೆ ನಮ್ಮದೇ, ಒಂದಕ್ಷರ ಬದಲಾಗಿರಲಿಲ್ಲ. ಥೇಟರಿನಲ್ಲಿ ನೀನು ನನ್ನ ತೊಡೆ ಹಿಸುಕಿದ್ದು ಇನ್ನೂ ನೆನಪಿದೆ. ಅಲ್ಲಿಯವರೆಗೆ ಸಿನಿಮಾದಲ್ಲಿ ನಮ್ಮ ಮಾತು ಅಂದರೆ ಬಹಳ ಸಲ ದಡ್ಡನ ಪಾತ್ರಕ್ಕೆ ಮಾತ್ರ. ಇವರ ಬಾಯಲ್ಲಿ ಅದಕ್ಕೆ ಬುದ್ಧಿ ಬಂತು, ತೂಕ ಬಂತು.

ಮುಂದಿನ ವರ್ಷ ‘ಪಂಚರಂಗಿ’, ಆಮೇಲೆ ಸಾಲು ಸಾಲು ಸಿನಿಮಾ, ಬಿಗ್‌ಬಾಸ್. ಅದೆಲ್ಲ ನಿನಗೆ ಗೊತ್ತೇ ಇದೆ. 2024ರಲ್ಲಿ ಧಾರವಾಡ ರಂಗಾಯಣದ ನಿರ್ದೇಶಕರಾದಾಗ ನನಗಾದ ಖುಷಿಯೇ ಬೇರೆ. ಲಾರಿ ತೊಳೆದ ಹುಡುಗ ಸರ್ಕಾರದ ರಂಗಸಂಸ್ಥೆಯ ಕುರ್ಚಿಯಲ್ಲಿ ಕೂತಿದ್ದ. ಅಲ್ಲಿ ಇನ್ನೂ ಕೆಲವು ವರ್ಷ ಸಿಗಬೇಕಿತ್ತು.

ಜಾತ್ರೆಯಿಂದ ಬಂದು ಅವ್ವನಿಗೆ ಹೇಳಿದೆ. ಟ್ರಂಕಿನಿಂದ ಆ ಕ್ಯಾಸೆಟ್ ತೆಗೆದು ಕೈಗೆ ಕೊಟ್ಟಳು. ಮೇಲಿನ ಚೀಟಿ ಹರಿದಿದೆ, ರೀಲು ಸರಿಯಿದೆ. ನಮ್ಮ ಟೇಪ್ ಕೆಟ್ಟು ಬಹಳ ವರ್ಷವಾಯಿತು. ನಿಮ್ಮ ಅಟ್ಟದ ಮೇಲೆ ಒಂದಿತ್ತಲ್ಲ, ಯುಗಾದಿಗೆ ಬರುವಾಗ ಅದನ್ನು ತಾ.

ನಿನ್ನ
ಬಸು