ಕ್ರಿಸ್‌ಮಸ್ ವಾರದಲ್ಲಿ ಆ ಕತೆ ಇಡಿಯಾಗಿ ಸಿಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕ್ರಿಸ್‌ಮಸ್ ಸಮೀಪಿಸುತ್ತಿರುವ ಈ ಹೊತ್ತಿನಲ್ಲಿ ತಮ್ಮ ಮುಂದೆ ಒಂದು ಕೋರಿಕೆಯನ್ನಿಡಲು ಈ ಪತ್ರ ಬರೆಯುತ್ತಿದ್ದೇನೆ. ಚಾರ್ಲ್ಸ್ ಡಿಕನ್ಸ್ ಅವರ ‘ಎ ಕ್ರಿಸ್‌ಮಸ್ ಕ್ಯಾರಲ್’ ಕತೆಯನ್ನು ಪ್ರತಿವರ್ಷ ಡಿಸೆಂಬರ್ ಕೊನೆಯ ವಾರದಲ್ಲಿ ಗಟ್ಟಿಯಾಗಿ ಓದುವ ರೂಢಿ ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ನಡೆದುಬಂದಿದೆ. ಅಡುಗೆಮನೆಯಲ್ಲಿ ಹಬ್ಬದ ತಿಂಡಿಗಳಾದ ಕುಸ್ವಾರಿನ ಕೆಲಸ ನಡೆಯುತ್ತಿರುವಾಗ, ಹೆಂಗಸರೂ ಮಕ್ಕಳೂ ಸುತ್ತ ಕುಳಿತು ಹಿಟ್ಟಿನ ಪುಟ್ಟ ಉಂಡೆಗಳನ್ನು ಹೊಸ ಬಾಚಣಿಗೆಯ ಮೇಲೊತ್ತಿ ಕಿಡಿಯೊ ಸುರುಳಿ ಸುತ್ತುತ್ತಿರುವಾಗ, ಅಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಇಂಗ್ಲಿಷಿನಲ್ಲಿ ಒಂದೊಂದು ಪುಟ ಓದಿ, ಅದನ್ನು ಅಲ್ಲಿಯೇ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ಆ ಪುಸ್ತಕ ಈಗ ನನ್ನ ಬಳಿ ಇದೆ. ಅದರ ಮೂರನೆಯ ಅಧ್ಯಾಯದ ಅಂಚಿನಲ್ಲಿ ಯಾರದೋ ಎಣ್ಣೆ ಹತ್ತಿದ ಹೆಬ್ಬೆರಳಿನ ಗುರುತು ಇಂದಿಗೂ ಉಳಿದಿದೆ.

ಆ ಗುರುತು ಇರುವುದು ಕ್ರ್ಯಾಚಿಟ್ ಕುಟುಂಬದ ಹಬ್ಬದೂಟ ಬರುವ ಪುಟದಲ್ಲಿ. ಜಿಪುಣ ಸ್ಕ್ರೂಜನ ಗುಮಾಸ್ತ ಬಾಬ್ ಕ್ರ್ಯಾಚಿಟ್‌ನ ಮನೆಯಲ್ಲಿ ಹೆಬ್ಬಾತನ್ನು ಬೇಯಿಸುವಷ್ಟು ದೊಡ್ಡ ಒಲೆಯಿಲ್ಲದ ಕಾರಣ ಅದನ್ನು ಬೇಕರಿಗೆ ಒಪ್ಪಿಸಿರುತ್ತಾರೆ. ಹೊರಗಿನಿಂದ ಓಡಿಬರುವ ಇಬ್ಬರು ಚಿಕ್ಕ ಮಕ್ಕಳು, ಬೇಕರಿಯ ಹತ್ತಿರ ಬಂದ ವಾಸನೆ ನಮ್ಮ ಹೆಬ್ಬಾತಿನದೇ ಎಂದು ಗುರುತು ಹಿಡಿದೆವು ಎಂದು ಕೂಗುತ್ತಾರೆ. ನಮ್ಮ ಬಾಲ್ಯದಲ್ಲಿ ನಮ್ಮ ಮನೆಯಲ್ಲೂ ಓವನ್ ಇರಲಿಲ್ಲ. ಅಮ್ಮ ಕಲಸಿಕೊಟ್ಟ ಕೇಕಿನ ಹಿಟ್ಟನ್ನು ತಗಡಿನ ಡಬ್ಬಿಯಲ್ಲಿ ಹೊತ್ತು, ಹೆಸರು ಬರೆದ ಚೀಟಿ ಅಂಟಿಸಿ, ಹತ್ತಿರದ ಬೇಕರಿಗೆ ಕೊಟ್ಟು, ಅದು ಬೆಂದು ಬರುವವರೆಗೂ ಹೊರಗಿನ ಜಗಲಿಯಲ್ಲಿ ನಾವು ಕಾಯುತ್ತಿದ್ದೆವು. ಆದ್ದರಿಂದ ಲಂಡನ್ನಿನ ಕ್ಯಾಮ್ಡೆನ್ ಟೌನಿನ ಆ ಮಕ್ಕಳು ನಮಗೆ ಪರಕೀಯರಾಗಿರಲೇ ಇಲ್ಲ. ಊಟದ ನಂತರ ಆ ಮನೆಯವರು ಕುಡಿಯಲು ತೆಗೆಯುವ ಗಾಜಿನ ಪಾತ್ರೆಗಳೆಲ್ಲ ಸೇರಿ ಎರಡು ಲೋಟ ಮತ್ತು ಹಿಡಿ ಮುರಿದ ಒಂದು ಬಟ್ಟಲು, ಅಷ್ಟೇ. ಅಷ್ಟು ಜನರ ಸಂಸಾರಕ್ಕೆ ಪುಡ್ಡಿಂಗ್ ಚಿಕ್ಕದಾಯಿತೆಂದು ಅಲ್ಲಿ ಯಾರೂ ಹೇಳುವುದಿಲ್ಲ, ಮನಸ್ಸಿನಲ್ಲಿ ಅಂದುಕೊಳ್ಳುವುದೂ ಇಲ್ಲ. ಬಡತನವನ್ನು ಇಷ್ಟು ಮರ್ಯಾದೆಯಿಂದ ಬರೆದದ್ದನ್ನು ನಾನು ಓದಿರುವುದು ಅಪರೂಪ.

ಡಿಕನ್ಸ್ ಇದನ್ನು ಊಹೆಯಿಂದ ಬರೆದವರಲ್ಲ. 1824ರಲ್ಲಿ ಅವರ ತಂದೆ ಸಾಲ ತೀರಿಸಲಾಗದೆ ಮಾರ್ಷಲ್ಸೀ ಸೆರೆಮನೆ ಸೇರಿದಾಗ, 12 ವರ್ಷದ ಅವರು ಬೂಟ್‌ಪಾಲಿಶ್ ಕಾರ್ಖಾನೆಯೊಂದರಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ನಿಲ್ಲಬೇಕಾಯಿತು. 1843ರಲ್ಲಿ, ಕಾರ್ಖಾನೆಗಳಲ್ಲಿಯೂ ಕಸುಬುಗಳಲ್ಲಿಯೂ ದುಡಿಯುತ್ತಿದ್ದ ಮಕ್ಕಳ ಸ್ಥಿತಿಯ ಕುರಿತು ಸರ್ಕಾರಿ ಆಯೋಗ ಕೊಟ್ಟ ವರದಿಯನ್ನು ಓದಿ ಕಳವಳಗೊಂಡ ಅವರು, ಬಡವರ ಮಕ್ಕಳ ಪರವಾಗಿ ಒಂದು ಕರಪತ್ರ ಬರೆಯಲು ಮೊದಲು ಯೋಚಿಸಿದ್ದರು. ಆಮೇಲೆ ಲಂಡನ್ನಿನ ಫೀಲ್ಡ್ ಲೇನ್‌ನಲ್ಲಿ ನಿರ್ಗತಿಕ ಮಕ್ಕಳಿಗಾಗಿ ನಡೆಯುತ್ತಿದ್ದ ಉಚಿತ ಶಾಲೆಯನ್ನು ನೋಡಿಬಂದರು. ಅಕ್ಟೋಬರ್‌ನಲ್ಲಿ ಕರಪತ್ರಕ್ಕೆ ಬದಲು ಕತೆಯನ್ನು ಆರಂಭಿಸಿ ಸುಮಾರು ಆರು ವಾರಗಳಲ್ಲಿ ಮುಗಿಸಿದರು. ಡಿಸೆಂಬರ್ 19ರಂದು ಹೊರಬಂದ ಪುಸ್ತಕದ 6000 ಪ್ರತಿಗಳು ಕ್ರಿಸ್‌ಮಸ್ ಹಿಂದಿನ ದಿನದೊಳಗೆ ಮುಗಿದುಹೋದವು. ಬೆಲೆ ಐದು ಶಿಲಿಂಗ್. ಕತೆಯೊಳಗಿನ ಬಾಬ್ ಕ್ರ್ಯಾಚಿಟ್‌ನ ವಾರದ ಸಂಬಳ ಹದಿನೈದು ಶಿಲಿಂಗ್ ಎಂಬುದನ್ನು ನೆನೆದರೆ, ತನ್ನ ಕತೆಯನ್ನು ತಾನೇ ಕೊಂಡು ಓದುವ ಸ್ಥಿತಿ ಅವನದಾಗಿರಲಿಲ್ಲ ಎಂಬುದು ಮನಸ್ಸಿಗೆ ನಾಟುತ್ತದೆ. ಹತ್ತು ವರ್ಷಗಳ ನಂತರ, 1853ರ ಡಿಸೆಂಬರ್‌ನಲ್ಲಿ, ಬರ್ಮಿಂಗ್‌ಹ್ಯಾಮ್ ಟೌನ್‌ಹಾಲಿನಲ್ಲಿ ಅವರು ಇದನ್ನು ಸಾರ್ವಜನಿಕವಾಗಿ ಓದಿದಾಗ, ದುಡಿಯುವ ಜನರಿಗಾಗಿಯೇ ಕಡಿಮೆ ದರದಲ್ಲಿ ಒಂದು ಸಂಜೆಯ ಓದನ್ನು ಮೀಸಲಿಟ್ಟರು. 1870ರ ಮಾರ್ಚ್‌ನಲ್ಲಿ, ಸಾಯುವುದಕ್ಕೆ ಮೂರು ತಿಂಗಳ ಮುಂಚೆ ನಡೆಸಿದ ಕೊನೆಯ ಸಾರ್ವಜನಿಕ ಓದಿನಲ್ಲೂ ಈ ಕತೆ ಇತ್ತು. ಅಂದರೆ ಇದನ್ನು ಮತ್ತೆ ಮತ್ತೆ, ಗಟ್ಟಿಯಾಗಿ, ನಾಲ್ಕು ಜನರ ನಡುವೆ ಓದುವ ಪದ್ಧತಿಯನ್ನು ಹಾಕಿಕೊಟ್ಟವರು ಸ್ವತಃ ಲೇಖಕರೇ.

ಈಗ ನನ್ನನ್ನು ಕಾಡುತ್ತಿರುವ ವಿಷಯಕ್ಕೆ ಬರುತ್ತೇನೆ. ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ, ಮಕ್ಕಳಿಗೆ ಸುಲಭವಾಗಲೆಂದು ಈ ಕತೆಯ ಒಂದು ಸಂಕ್ಷಿಪ್ತ ರೂಪವನ್ನು ಹಲವು ವರ್ಷ ತರಗತಿಯಲ್ಲಿ ಬಳಸಿದೆ. ಅದರಲ್ಲಿ ಸ್ಕ್ರೂಜನ ಸತ್ತ ಪಾಲುದಾರ ಮಾರ್ಲಿಯ ಪ್ರೇತವಿತ್ತು, ಅದು ಹೊತ್ತ ಸರಪಳಿಯಿತ್ತು, ಸ್ಕ್ರೂಜನ ಬಳಿಗೆ ಬರುವ ಮೂರು ಆತ್ಮಗಳಿದ್ದವು, ಕೊನೆಯಲ್ಲಿ ಉದಾರಿಯಾದ ಸ್ಕ್ರೂಜನೂ ಇದ್ದ. ಇಲ್ಲದಿದ್ದದ್ದು ಇಬ್ಬರು ಮಕ್ಕಳು. ಮೂಲದಲ್ಲಿ ವರ್ತಮಾನ ಕ್ರಿಸ್‌ಮಸ್‌ನ ಆತ್ಮವು ಹೊರಡುವ ಮುನ್ನ ತನ್ನ ನಿಲುವಂಗಿಯ ಮಡಿಕೆಯನ್ನು ಸರಿಸಿದಾಗ, ಅದರ ಅಡಿಯಲ್ಲಿ ಒಣಗಿ ಸೊರಗಿದ ಒಬ್ಬ ಹುಡುಗ ಮತ್ತು ಒಬ್ಬಳು ಹುಡುಗಿ ಅದರ ಪಾದಗಳ ಬಳಿ ಮಂಡಿಯೂರಿ ನಿಲುವಂಗಿಯನ್ನು ಹಿಡಿದುಕೊಳ್ಳುತ್ತಾರೆ. ಹುಡುಗ ಅಜ್ಞಾನ, ಹುಡುಗಿ ಕೊರತೆ. ಇಬ್ಬರ ವಿಷಯದಲ್ಲೂ ಎಚ್ಚರವಾಗಿರು, ಅದಕ್ಕಿಂತ ಹೆಚ್ಚಾಗಿ ಈ ಹುಡುಗನ ವಿಷಯದಲ್ಲಿ ಎಚ್ಚರವಾಗಿರು ಎಂದು ಆತ್ಮವು ಸ್ಕ್ರೂಜನಿಗೆ ಹೇಳುತ್ತದೆ. ಇವರಿಗೆ ಆಸರೆಯೇ ಇಲ್ಲವೇ ಎಂದು ಅವನು ಕೇಳಿದರೆ, ‘ಸೆರೆಮನೆಗಳಿಲ್ಲವೇ, ಬಡವರನ್ನು ದುಡಿಸುವ ವರ್ಕ್‌ಹೌಸುಗಳಿಲ್ಲವೇ’ ಎಂದು, ಕತೆಯ ಆರಂಭದಲ್ಲಿ ಚಂದಾ ಕೇಳಲು ಬಂದವರಿಗೆ ಅವನೇ ಆಡಿದ್ದ ಮಾತುಗಳನ್ನು ಆತ್ಮವು ಅವನಿಗೇ ಹಿಂದಿರುಗಿಸುತ್ತದೆ.

ಈ ಪ್ರಸಂಗ ಹೋಯಿತೆಂದರೆ ಕತೆಯ ಜೀವವೇ ಹೋದಂತೆ. ಉಳಿಯುವುದು ಒಬ್ಬ ಜಿಪುಣ ಒಂದೇ ರಾತ್ರಿಯಲ್ಲಿ ಒಳ್ಳೆಯವನಾದ ಸಂಗತಿ ಮಾತ್ರ. ಮನೆಯಲ್ಲಿ ಪ್ರತಿವರ್ಷ ಈ ಭಾಗವನ್ನು ಕೇಳಿಯೇ ಬೆಳೆದ ನಾನು, ತರಗತಿಯಲ್ಲಿ ಅದು ಇಲ್ಲದಿರುವುದನ್ನು ಗಮನಿಸಲೇ ಇಲ್ಲವೆಂಬುದು ಇಂದಿಗೂ ನನಗೆ ನೋವಿನ ವಿಷಯ. ಎಂಟನೆಯ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ ಒಬ್ಬ ಹುಡುಗನ ಖಾಲಿ ಜಾಗವನ್ನು ನೋಡಿದ ವರ್ಷ, ಡಿಸೆಂಬರ್‌ನಲ್ಲಿ ಮನೆಯಲ್ಲಿ ಓದುತ್ತಿದ್ದಾಗ ಆ ಪುಟದ ಬಳಿ ನನ್ನ ದನಿ ನಿಂತುಹೋಯಿತು. ಹಸಿವಿಗಿಂತ ಅಜ್ಞಾನಕ್ಕೆ ಹೆಚ್ಚು ಅಂಜಬೇಕೆಂದು ಡಿಕನ್ಸ್ ಏಕೆ ಬರೆದರು ಎಂಬುದು ಅಷ್ಟು ವರ್ಷಗಳ ಓದಿನಲ್ಲಿ ತಿಳಿಯದೆ ಅಂದು ತಿಳಿಯಿತು. ಮರುವರ್ಷದಿಂದ ಆ ಸಂಕ್ಷಿಪ್ತ ಪುಸ್ತಕವನ್ನು ಬದಿಗಿಟ್ಟು, ಮೂಲದ ಆ ಎರಡು ಪುಟಗಳನ್ನು ಕೈಯಲ್ಲಿ ಬರೆದು ಮಕ್ಕಳಿಗೆ ಕೊಟ್ಟೆ.

ಇಂಗ್ಲೆಂಡಿನ ಹಬ್ಬದ ಕತೆಗೆ ಕನ್ನಡ ಪತ್ರಿಕೆಯಲ್ಲಿ ಜಾಗವೇಕೆ ಎಂದು ಕೆಲವರು ಕೇಳಬಹುದು. ಶ್ರಾವಣದಲ್ಲಿ ಗಮಕಿಗಳು ಓದುವ ಕುಮಾರವ್ಯಾಸ ಭಾರತವನ್ನು, ಮುಂದೇನಾಗುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲವರೇ ಪ್ರತಿವರ್ಷ ಕುಳಿತು ಕೇಳುವ ನಾಡು ನಮ್ಮದು; ಗೊತ್ತಿರುವ ಕತೆಯನ್ನು ಮತ್ತೆ ಕೇಳುವ ಸುಖವನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಇನ್ನೊಂದು ಮಾತು. ಈ ಕತೆ ಅಚ್ಚಾದ 1843ರಲ್ಲಿಯೇ, ಜುಲೈ 1ರಂದು, ಹರ್ಮನ್ ಮೋಗ್ಲಿಂಗ್ ಅವರು ನಮ್ಮ ಊರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರು. ಕನ್ನಡದ ಮೊದಲ ಪತ್ರಿಕೆಯೂ ಈ ಕತೆಯೂ ಒಂದೇ ವಯಸ್ಸಿನವು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ ಈ ಕತೆಯ ಹಸ್ತಪ್ರತಿಯನ್ನು ಪ್ರತಿವರ್ಷ ಕ್ರಿಸ್‌ಮಸ್ ಸಮಯದಲ್ಲಿ ಜನರು ನೋಡಲೆಂದು ತೆರೆದಿಡುತ್ತಾರೆ. ಬಾಬ್ ಕ್ರ್ಯಾಚಿಟ್‌ನ ಪುಟ್ಟ ಮಗ ಟೈನಿ ಟಿಮ್ ಸಾಯಲಿಲ್ಲ ಎಂಬ ಮಾತು ಆ ಹಸ್ತಪ್ರತಿಯಲ್ಲಿಲ್ಲ. ಅಚ್ಚಿಗೆ ಹೋದ ಮೇಲೆ ಡಿಕನ್ಸ್ ಅದನ್ನು ಸೇರಿಸಿದರು. ಊರುಗೋಲು ಹಿಡಿದ ಆ ಹುಡುಗನ ಗತಿ ಏನಾಯಿತೆಂದು ಓದುಗರು ಚಿಂತಿಸಬಾರದೆಂದು ಲೇಖಕರು ಕೊನೆಯ ಗಳಿಗೆಯಲ್ಲಿ ಬರೆದ ಆ ಮಾತು ಬಂದಾಗ ನಮ್ಮ ಮನೆಯಲ್ಲಿ ಇಂದಿಗೂ ಎಲ್ಲರೂ ಒಟ್ಟಿಗೆ ದನಿಗೂಡಿಸುತ್ತಾರೆ.

ಆದುದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಈ ಕೃತಿಗೆ ಹಕ್ಕುಸ್ವಾಮ್ಯದ ಅಡ್ಡಿ ಇಲ್ಲದಿರುವುದರಿಂದ, ನುರಿತ ಅನುವಾದಕರಿಂದ ಇದನ್ನು ಕನ್ನಡಕ್ಕೆ ಮಾಡಿಸಿ, ಕತ್ತರಿಸದೆ, ಆ ಇಬ್ಬರು ಮಕ್ಕಳ ಸಹಿತ ಪ್ರಕಟಿಸಬೇಕು. ಹಾಡಿಗೆ ಚರಣಗಳಿರುವಂತೆ ಡಿಕನ್ಸ್ ಈ ಕತೆಯನ್ನು ಐದು ಭಾಗಗಳಾಗಿ ವಿಂಗಡಿಸಿದ್ದಾರೆ. ಒಂದು ಭಾಗವನ್ನು ಗಟ್ಟಿಯಾಗಿ ಓದಲು ಒಂದು ಸಂಜೆ ಸಾಕು. ಮೊದಲನೆಯದು ಡಿಸೆಂಬರ್ 21ರ ಸಂಚಿಕೆಯಲ್ಲಿ ಬಂದರೆ ಐದನೆಯದು ಹಬ್ಬದ ಬೆಳಿಗ್ಗೆ ಓದುಗರ ಕೈಸೇರುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಮಂಗಳೂರು